ದಾವಣಗೆರೆಯ ರನ್ನಿಗೆ ಬೆಂಗಳೂರಿನಲ್ಲಿ ಎಷ್ಟು ಬೆಲೆ?

ನಾನು ಆಟಗಾರನಲ್ಲ. ದಾವಣಗೆರೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಶನಿವಾರ, ಭಾನುವಾರ ಕ್ರಿಕೆಟ್ ಮೈದಾನದಲ್ಲಿ ಸ್ಕೋರ್ ಬರೆಯುತ್ತೇನೆ. 19 ವರ್ಷ ಆಯಿತು. ಕಾಲೇಜಿನಲ್ಲಿದ್ದಾಗ ಹನ್ನೊಂದು ಜನರಲ್ಲಿ ಜಾಗ ಸಿಗದೆ ಹನ್ನೆರಡನೆಯವನಾಗಿ ಕೂತಿದ್ದೆ. ಸ್ಕೋರರ್ ಬಂದಿರಲಿಲ್ಲ. ಯಾರೋ ಕೈಗೆ ಪೆನ್ಸಿಲ್ ಕೊಟ್ಟರು. ಆ ಕುರ್ಚಿಯಿಂದ ಇನ್ನೂ ಎದ್ದಿಲ್ಲ.

ಹೀಗೆ ಕೂತವನ ಕಿವಿಗೆ ಒಂದೇ ಜಗಳ ಮತ್ತೆ ಮತ್ತೆ ಬೀಳುತ್ತದೆ. ಮ್ಯಾಚ್ ಮುಗಿದು ಮಂಡಕ್ಕಿ, ಮಿರ್ಚಿ ಪೊಟ್ಟಣ ಬಿಚ್ಚಿದರೆ ಸಾಕು, ಶುರು. "ಟ್ಯಾಲೆಂಟ್ ಇದ್ರೆ ಇಂಡಿಯಾ ಟೀಮು ಮನೆ ಬಾಗಿಲಿಗೆ ಬರ್ತದೆ" ಅಂತ ಒಬ್ಬ. "ಹಂಗಾದ್ರೆ ರಣಜಿ ಯಾಕ್ ಆಡಿಸ್ತಾರೆ, ಟೈಂಪಾಸ್‌ಗಾ?" ಅಂತ ಇನ್ನೊಬ್ಬ. ರಣಜಿ ಅಂದರೆ ರಾಜ್ಯ ತಂಡಗಳ ನಡುವಿನ ಟೂರ್ನಿ. ನಾನು ಸುಮ್ನೆ ಮಿರ್ಚಿ ತಿನ್ನುತ್ತಿದ್ದೆ. ನಮ್ಮೂರಿನ ಹದಿನಾರು ವರ್ಷದೊಳಗಿನ ಹುಡುಗರ ತಂಡ ಆರಿಸುವಾಗ ನನ್ನನ್ನೂ ಒಂದು ಕುರ್ಚಿಯಲ್ಲಿ ಕೂರಿಸಿದರು ನೋಡಿ, ಆಗ ಸುಮ್ಮನಿರುವ ಹಾಗಿರಲಿಲ್ಲ.

ಮೊದಲನೇ ವರ್ಷವೇ ಎಡವಿದೆವು. ಇದ್ದದ್ದು ಒಂದು ಜಾಗ, ಹುಡುಗರು ಇಬ್ಬರು. ಒಬ್ಬ ಐದು ಮ್ಯಾಚಿನಲ್ಲಿ 340 ರನ್ ಹೊಡೆದಿದ್ದ. ಆದರೆ ಆಟ ನೋಡುವ ಹಾಗಿರಲಿಲ್ಲ. ಬ್ಯಾಟನ್ನು ಸೌದೆ ಸೀಳುವವನ ಹಾಗೆ ಹಿಡಿಯುತ್ತಿದ್ದ. ಒಂದೋ ಕಟ್ ಶಾಟು, ಇಲ್ಲಾ ಪುಲ್ ಶಾಟು. ಇನ್ನೊಬ್ಬನದು ಅಷ್ಟೇ ಮ್ಯಾಚಿನಲ್ಲಿ 118. ಆದರೆ ಅವನ ಸ್ಟ್ರೈಟ್ ಡ್ರೈವ್! ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದಲ್ಲೇ ನಿಲ್ಲುತ್ತಿದ್ದರು. ತಂಡ ಆರಿಸುವ ನಾವು ಮೂವರೂ ಆ ಡ್ರೈವಿಗೆ ಸೋತೆವು. ಸ್ಕೋರ್ ಬುಕ್ ನನ್ನ ತೊಡೆಯ ಮೇಲೇ ಇತ್ತು. ನಾನೇ ಬರೆದದ್ದು. ಆದರೂ ಕೈ ಎತ್ತಿದ್ದು ಡ್ರೈವಿನ ಕಡೆಗೆ.

ಆ ಹುಡುಗ ಬೆಂಗಳೂರಿನ ಟ್ರಯಲ್ಸ್‌ನಲ್ಲಿ ಎರಡು ಸಲ ಬೇಗ ಔಟಾಗಿ ವಾಪಸ್ ಬಂದ. 340ರ ಹುಡುಗ ಎರಡು ವರ್ಷದಲ್ಲಿ ಆಟವನ್ನೇ ಬಿಟ್ಟ. ಈಗ ಮಂಡಕ್ಕಿ ಭಟ್ಟಿಯಲ್ಲಿ ಅಪ್ಪನ ಜೊತೆ ಇದ್ದಾನೆ. ಆಗಾಗ ಸಿಗುತ್ತಾನೆ, ಚೆನ್ನಾಗಿಯೇ ಮಾತಾಡುತ್ತಾನೆ. ಒಂದು ಸೇರು ಕೇಳಿದರೆ ಎರಡು ಹಿಡಿ ಜಾಸ್ತಿ ಹಾಕುತ್ತಾನೆ. ಅದನ್ನು ತೆಗೆದುಕೊಳ್ಳುವಾಗ ನನಗೆ ಕಸಿವಿಸಿ.

ಮುಂದಿನ ವರ್ಷ ಹಟಕ್ಕೆ ಬಿದ್ದು ಬರೀ ರನ್ ನೋಡಿ ಆರಿಸಿದೆವು. ಎರಡು ಸೆಂಚುರಿ ಹೊಡೆದವನನ್ನು ಕಳಿಸಿದೆವು. ಅವನು ಟರ್ಫ್ ಮೇಲೆ, ಅಂದರೆ ಹುಲ್ಲಿನ ಪಿಚ್ಚಿನಲ್ಲಿ, ಮೂರು ಇನಿಂಗ್ಸ್‌ನಲ್ಲೂ ಎಲ್‌ಬಿಡಬ್ಲ್ಯೂ, ಸ್ಟಂಪಿಗೆ ಹೋಗುವ ಬಾಲು ಕಾಲಿಗೆ ಬಡಿದು ಔಟು. ಮನೆಗೆ ಬಂದು ಹಳೇ ಪುಟ ತಿರುಗಿಸಿದೆ. ಎರಡೂ ಸೆಂಚುರಿ ಲೀಗಿನ ಕಟ್ಟಕಡೆಯ ಎರಡು ತಂಡಗಳ ಮೇಲೆ. ಎರಡೂ ಮ್ಯಾಟ್ ಮೇಲೆ.

ಈ ಮ್ಯಾಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಜಿಲ್ಲೆಗಳಲ್ಲಿ ಬೆಳೆದ ಹುಡುಗನ ಅರ್ಧ ಕಥೆ ಇದರಲ್ಲೇ ಇದೆ. ಗಟ್ಟಿ ನೆಲದ ಮೇಲೆ ತೆಂಗಿನ ನಾರಿನ ಚಾಪೆ ಎಳೆದು, ಸುತ್ತ ಮೊಳೆ ಹೊಡೆದು ಬಿಗಿ ಮಾಡುತ್ತೇವೆ. ಅದರ ಮೇಲೆ ಬಾಲು ಪುಟಿದು ಎತ್ತರಕ್ಕೆ ಬರುತ್ತದೆ. ಗುಡ್ ಲೆಂತ್ ಬಾಲು ತೊಡೆಯ ಮಟ್ಟಕ್ಕೆ ಏಳುತ್ತದೆ. ಹಿಂದೆ ಸರಿದು ಕಟ್ ಮಾಡಿದರೆ ನಾಲ್ಕು ರನ್. ಕಾಲಿಗೆ ಬಡಿದರೂ ಅಂಪೈರ್ ಬೆರಳು ಎತ್ತುವುದು ಕಡಿಮೆ, ಸ್ಟಂಪ್ ಮೇಲಿಂದ ಹೋಗುತ್ತಿತ್ತು ಅನ್ನುತ್ತಾರೆ. ಅದೇ ಬಾಲು ಹುಲ್ಲಿನ ಪಿಚ್ಚಿನಲ್ಲಿ ಜಾರಿಕೊಂಡು ಮೊಣಕಾಲ ಕೆಳಗೆ ಬರುತ್ತದೆ. ಹಿಂದೆ ಸರಿದವನ ಕಥೆ ಅಲ್ಲಿಗೆ ಮುಗಿಯಿತು. ಸ್ಪಿನ್ನರಿನದೂ ಅಷ್ಟೇ. ಮ್ಯಾಟ್ ಬಾಲನ್ನು ಕಚ್ಚಿ ಹಿಡಿಯುತ್ತದೆ, ಇಲ್ಲಿ ಮೊಳದುದ್ದ ತಿರುಗಿದ್ದು ಅಲ್ಲಿ ನೆಟ್ಟಗೆ ಹೋಗುತ್ತದೆ. ಹಾಗಾಗಿ ನಮ್ಮ 100 ರನ್ನಿಗೆ ಬೆಂಗಳೂರಿನವರು ಪೂರ್ತಿ ಬೆಲೆ ಕಟ್ಟುವುದಿಲ್ಲ. ಕೋಪ ಬರುತ್ತದೆ, ಆದರೆ ಅವರದ್ದು ಪೂರ್ತಿ ತಪ್ಪೂ ಅಲ್ಲ.

ಆ ಸಲ ಒಂದು ನೂರು ಪುಟದ ನೋಟ್‌ಬುಕ್ ತಂದೆ. ಸ್ಕೋರ್ ಬುಕ್ ಪಕ್ಕದಲ್ಲೇ ಇಟ್ಟುಕೊಂಡು ಅದರಲ್ಲೂ ಬರೆಯತೊಡಗಿದೆ. ರನ್ ಯಾರ ಬೌಲಿಂಗಿನಲ್ಲಿ ಬಂತು? ಎದುರು ತಂಡದ ಇಬ್ಬರು ಒಳ್ಳೆ ಬೌಲರ್‌ಗಳ ಹೆಸರಿನ ಕೆಳಗೆ ಗೆರೆ ಎಳೆದು, ಅವರ ಬಾಲಿನಲ್ಲಿ ಬಂದ ರನ್ ಬೇರೆ, ಉಳಿದವರದ್ದು ಬೇರೆ ಬರೆಯುತ್ತೇನೆ. ಎಡ್ಜ್ ಆಗಿ ಸ್ಲಿಪ್ ಪಕ್ಕ ಬೌಂಡರಿಗೆ ಹೋದದ್ದಕ್ಕೆ ಸುತ್ತು ಹಾಕುತ್ತೇನೆ. ಕ್ಯಾಚ್ ಬಿಟ್ಟರೆ 'ಬಿ'. ಮುಂದೆ ಕಾಲಿಟ್ಟು 'ವಿ' ಒಳಗೆ, ಅಂದರೆ ಬೌಲರ್‌ನ ಅಕ್ಕಪಕ್ಕ ನೇರಕ್ಕೆ, ಹೊಡೆದ ರನ್ನಿಗೆ ಚಿಕ್ಕ ಟಿಕ್, ಏಕೆಂದರೆ ಟರ್ಫ್ ಮೇಲೆ ಉಳಿಯುವ ರನ್ ಅದು. ಬೌಲರ್‌ಗೆ ವಿಕೆಟ್ ಅಲ್ಲದೆ ಬ್ಯಾಟ್ ತಪ್ಪಿಸಿ ಹೋದ ಬಾಲನ್ನೂ ಎಣಿಸುತ್ತೇನೆ. ಒಬ್ಬ ಹುಡುಗ ಒಂದು ದಿನ 38 ರನ್ ಕೊಟ್ಟು ಒಂದೇ ವಿಕೆಟ್ ತೆಗೆದ. ಸ್ಕೋರ್ ಬುಕ್ ನೋಡಿದರೆ ಸಾಮಾನ್ಯದವನು. ನನ್ನ ನೋಟ್‌ಬುಕ್ಕಿನಲ್ಲಿ ಅವನು 17 ಸಲ ಬ್ಯಾಟ್ ದಾಟಿಸಿದ್ದ, ಎರಡು ಕ್ಯಾಚ್ ಬಿಟ್ಟಿದ್ದರು. ಅವನನ್ನು ಕಳಿಸಿದೆವು. ವಲಯ ತಂಡಕ್ಕೆ ಆಯ್ಕೆಯಾದ. ಅವತ್ತು ಮಿರ್ಚಿ ನನ್ನ ಲೆಕ್ಕದಲ್ಲಿ.

ಬರೆಯುತ್ತಾ ಬರೆಯುತ್ತಾ ದೊಡ್ಡ ಜಗಳವೂ ಬೇರೆ ಥರ ಕಾಣಿಸತೊಡಗಿತು. ಟ್ಯಾಲೆಂಟ್ ಅನ್ನುವುದು ಕಣ್ಣಿಗೆ ಬೀಳಬೇಕಾದ ವಸ್ತು. ಕಣ್ಣು ಎಲ್ಲಿ ಕೂತಿದೆಯೋ ಅಲ್ಲಿಯದ್ದೇ ಅದಕ್ಕೆ ಬೀಳುತ್ತದೆ. ಜಸ್‌ಪ್ರೀತ್ ಬುಮ್ರಾ ಅವರನ್ನೇ ನೋಡಿ. 2013ರಲ್ಲಿ ಗುಜರಾತಿನ ಟಿ20 ಮ್ಯಾಚೊಂದರಲ್ಲಿ ಮುಂಬೈ ಇಂಡಿಯನ್ಸ್ ಕೋಚ್ ಜಾನ್ ರೈಟ್ ಕಣ್ಣಿಗೆ ಬಿದ್ದರು. ಆ ಏಪ್ರಿಲ್‌ನಲ್ಲಿ ಐಪಿಎಲ್ ಆಡಿದರು. ರಣಜಿ ಆಡಿದ್ದು ಅದಾದ ಮೇಲೆ! ಅಂಕಿ ಕೇಳಿದ್ದರೆ ತೋರಿಸಲು ಅವರ ಹತ್ತಿರ ಏನಿತ್ತು? ಅಂಥ ಬೌಲಿಂಗಿಗೆ ಅಂಕಿ ಕೇಳುವುದೂ ದಡ್ಡತನ ಅನ್ನಿ. ಆದರೆ ರೈಟ್ ಆ ದಿನ ಅಲ್ಲಿ ಕೂತಿದ್ದರು ಅನ್ನುವುದನ್ನು ಮರೆಯಬೇಡಿ. ನಮ್ಮ ಹೈಸ್ಕೂಲ್ ಮೈದಾನದಲ್ಲಿ ಯಾರು ಬಂದು ಕೂರುತ್ತಾರೆ? ಸ್ಕೋರ್ ಬುಕ್ ಇಲ್ಲದಿದ್ದರೆ ಇಲ್ಲಿನ ಹುಡುಗನ ಪ್ರತಿಭೆ ಹಿರಿಯೂರು ದಾಟುವುದಿಲ್ಲ.

ನಮ್ಮೂರಿನ ಬೌಲರ್ ವಿನಯ್ ಕುಮಾರ್ ಹೆಸರು ಬಂದೇ ಬರುತ್ತದೆ, ದಾವಣಗೆರೆ ಎಕ್ಸ್‌ಪ್ರೆಸ್ ಅಲ್ವಾ. ಹೆಸರು ಎಕ್ಸ್‌ಪ್ರೆಸ್ ಆದರೂ ಅವರ ಬಲ ಬರೀ ವೇಗದ್ದಲ್ಲ. ಲೈನ್, ಸ್ವಿಂಗ್, ದಿನಪೂರ್ತಿ ಬೇಸರವಿಲ್ಲದೆ ಹಾಕುವ ತಾಳ್ಮೆ. ಇದು ಒಂದು ಸ್ಪೆಲ್ ನೋಡಿದವನಿಗೆ ಕಾಣುವಂಥದ್ದಲ್ಲ. ಸೀಸನ್ ಮೇಲೆ ಸೀಸನ್ ವಿಕೆಟ್ ಕೂಡಿದಾಗ ಮಾತ್ರ ಕಾಣುತ್ತದೆ. ಕರ್ನಾಟಕಕ್ಕೆ ರಣಜಿ ಆಡತೊಡಗಿದ್ದು 2004ರಲ್ಲಿ, ಇಂಡಿಯಾಕ್ಕೆ ಆಡಿದ್ದು 2010ರ ಮೇ ತಿಂಗಳಲ್ಲಿ. ಅದೇ ಕರ್ನಾಟಕ ತಂಡದಲ್ಲಿ ಅಭಿಮನ್ಯು ಮಿಥುನ್ 2009ರ ನವೆಂಬರ್‌ನಲ್ಲಿ ಮೀರತ್‌ನಲ್ಲಿ ಮೊದಲ ಮ್ಯಾಚ್ ಆಡಿ, ಹ್ಯಾಟ್ರಿಕ್ ಸೇರಿ 11 ವಿಕೆಟ್ ತೆಗೆದರು. ಎತ್ತರ ಇತ್ತು, ವೇಗ ಇತ್ತು. 2010ರ ಫೆಬ್ರುವರಿಗೆ ಇಂಡಿಯಾಕ್ಕೆ ಆಡಿದರು. ಒಬ್ಬರಿಗೆ ಆರು ವರ್ಷ, ಒಬ್ಬರಿಗೆ ಒಂದು ಸೀಸನ್. ಮಿಥುನ್ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಆ 11 ವಿಕೆಟ್ಟೂ ಅಂಕಿಯೇ ತಾನೆ. ಆದರೆ ಕಣ್ಣು ಕುಕ್ಕುವ ಆಟಕ್ಕೆ ಅಂಕಿ ಸ್ವಲ್ಪ ಇದ್ದರೆ ಸಾಕು. ಕಣ್ಣು ಕುಕ್ಕದ ಆಟಕ್ಕೆ ಚೀಲ ತುಂಬಾ ಬೇಕು.

ವಿನಯ್‌ಗೆ ಸಿಕ್ಕಿದ್ದು ಒಂದೇ ಟೆಸ್ಟ್, 2012ರ ಜನವರಿಯಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ವೇಗದವರ ಪಿಚ್ಚು ಅದು. ಅಲ್ಲಿ ಒಂದು ಮ್ಯಾಚ್ ನೋಡಿ, ಇವರಿಂದ ಟೆಸ್ಟ್ ಆಗಲ್ಲ ಅಂದುಬಿಟ್ಟರು ಜನ. ಅವರೇ 2014-15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ ಐದು ವಿಕೆಟ್ ತೆಗೆದು, ಬ್ಯಾಟ್ ಹಿಡಿದು ಸೆಂಚುರಿಯನ್ನೂ ಹೊಡೆದರು, ಅದೂ ಕ್ಯಾಪ್ಟನ್ ಆಗಿ. ಅದೇ ಫೈನಲ್‌ನಲ್ಲಿ ನಮ್ಮ ಕರ್ನಾಟಕದ ಬ್ಯಾಟ್ಸ್‌ಮನ್ ಕರುಣ್ ನಾಯರ್ 328.

ಕರುಣ್ ಕಥೆ ಬಂದರೆ ನನ್ನ ವಾದ ನನಗೇ ತಿರುಗುತ್ತದೆ. 2016ರಲ್ಲಿ ಚೆನ್ನೈ ಟೆಸ್ಟ್‌ನಲ್ಲಿ 303 ನಾಟೌಟ್. ಅದಾದ ಮುಂದಿನ ಟೆಸ್ಟ್‌ಗೆ ಹನ್ನೊಂದರಲ್ಲಿ ಇಲ್ಲ, ಗಾಯದಿಂದ ವಾಪಸಾದ ರಹಾನೆಗೆ ಜಾಗ. ಮುನ್ನೂರು ಹೊಡೆದವನ ಅಂಕಿಗೇ ಈ ಗತಿ ಅಂದರೆ, ಲೀಗಿನಲ್ಲಿ 340 ಹೊಡೆದವನ ಅಂಕಿ ಯಾವ ಲೆಕ್ಕ? ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ತೆಗೆದೂ ಒಂದು ಟೆಸ್ಟ್ ಆಡಲಿಲ್ಲ. ಬಿಷನ್ ಸಿಂಗ್ ಬೇಡಿ ಇದ್ದ ಕಾಲ, ಇಬ್ಬರೂ ಎಡಗೈ ಸ್ಪಿನ್ನರ್. ಜಾಗ ಖಾಲಿ ಇರಬೇಕಲ್ಲ? ಈ ಒಂದು ವಿಷಯ ಟ್ಯಾಲೆಂಟ್‌ನವನೂ ಹೇಳಲ್ಲ, ಅಂಕಿಯವನೂ ಹೇಳಲ್ಲ.

ಅದೇನೇ ಇರಲಿ, ಕರುಣ್ 2024-25ರಲ್ಲಿ ವಿದರ್ಭಕ್ಕೆ ಆಡುತ್ತಾ ವಿಜಯ್ ಹಜಾರೆ ಏಕದಿನ ಟೂರ್ನಿಯಲ್ಲಿ 779 ರನ್ ಹೊಡೆದರು, ರಣಜಿಯಲ್ಲಿ 863. 2025ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಇಂಡಿಯಾ ತಂಡಕ್ಕೆ ವಾಪಸ್ ಕರೆದರು. ಎಂಟು ವರ್ಷ ಮುಚ್ಚಿದ ಬಾಗಿಲು. ಅವರ ಡ್ರೈವ್ 2017ರಲ್ಲೂ ಚೆಂದವೇ ಇತ್ತು. ಬಾಗಿಲು ತೆಗೆಸಿದ್ದು ರನ್ನು.

ಹೋದ ತಿಂಗಳು ಒಂದು ಲೀಗ್ ಮ್ಯಾಚ್. ಹದಿನೈದರ ಹುಡುಗನೊಬ್ಬ 112 ಹೊಡೆದ. ಮುಗಿದದ್ದೇ ಅವನಪ್ಪ ಓಡಿ ಬಂದರು. "ಸಾರ್, ನೂರಾ ಹನ್ನೆರಡು. ಬರ್ಕಂಡ್ರಾ?" ಬರೆದಿದ್ದೇನೆ ಅಂದೆ. ಹುಡುಗ ಹಿಂದೆಯೇ ಬಂದು ನಿಂತ. ನನ್ನ ಎರಡನೇ ನೋಟ್‌ಬುಕ್ ವಿಷಯ ಈಗ ಹುಡುಗರಿಗೆಲ್ಲಾ ಗೊತ್ತು. ಬಗ್ಗಿ ನೋಡಿದ. 14ರಲ್ಲಿ ಒಂದು 'ಬಿ', 61ರಲ್ಲಿ ಒಂದು 'ಬಿ'.

"ಸಾರ್, ಇನ್ನೊಂದಿದೆ" ಅಂದ. "ನಲವತ್ತರಲ್ಲಿದ್ದಾಗ ಕೀಪರ್ ಬಿಟ್ಟ. ಸಣ್ಣ ಎಡ್ಜು. ನಿಮಗೆ ಕೇಳಿಸಿರಲ್ಲ."

ಅಪ್ಪ ಅವನ ಮುಖ ನೋಡಿದರು. ನಾನು ಪೆನ್ಸಿಲ್ ತೆಗೆದು 40ರ ಪಕ್ಕ ಮೂರನೇ 'ಬಿ' ಬರೆದೆ. ಆಮೇಲೆ ಅವನ ಹೆಸರಿನ ಕೆಳಗೆ ಒಂದು ಗೆರೆ ಎಳೆದೆ. ಅದು ಯಾವ ಕಾಲಂಗೆ ಸೇರಿದ್ದು ಅಂತ ಇನ್ನೂ ಹೆಸರಿಟ್ಟಿಲ್ಲ.