ಕಾವಲಿಲ್ಲದ ಲಿನಕ್ಸ್ ಇನ್‌ಸ್ಟಾಲ್‌ನಲ್ಲಿ ಪ್ಯಾಕೇಜುಗಳ ಜಗಳ ಬಿಡಿಸುವುದು

ಕೊಡಗಿನ ಮಳೆಗಾಲದಲ್ಲಿ ಕರೆಂಟು, ಇಂಟರ್ನೆಟ್ ಎರಡನ್ನೂ ನಂಬಿ ಕೆಲಸ ಶುರು ಮಾಡುವ ಹಾಗಿಲ್ಲ. ವಿರಾಜಪೇಟೆಯದೋ ಪೊನ್ನಂಪೇಟೆಯದೋ ಒಂದು ಶಾಲೆಯ ಲ್ಯಾಬ್, 20 ಕಂಪ್ಯೂಟರ್, ಒಂದೇ ದಿನದ ಬಿಡುವು ಎಂದಿಟ್ಟುಕೊಳ್ಳಿ. ಒಂದೊಂದರ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಒತ್ತುತ್ತಿದ್ದರೆ ದಿನ ಸಾಲದು. ಹಾಗಾಗಿ ಡೆಬಿಯನ್‌ಗೆ ಪ್ರಿಸೀಡ್ ಫೈಲ್, ಆಲ್ಮಾ ಅಥವಾ ರಾಕಿ ಲಿನಕ್ಸ್‌ಗೆ ಕಿಕ್‌ಸ್ಟಾರ್ಟ್ ಫೈಲ್ (ಆ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರಗಳು) ಬರೆದು ಯಂತ್ರವನ್ನು ಅದರ ಪಾಡಿಗೆ ಬಿಡುತ್ತೇವೆ. ಹೀಗೆ ಬಿಟ್ಟ ಇನ್‌ಸ್ಟಾಲ್ ನಡುವೆ ನಿಂತರೆ ಬಹಳ ಸಲ ಅದಕ್ಕೆ ಪ್ಯಾಕೇಜುಗಳ ಅವಲಂಬನೆಯೇ, ಅಂದರೆ ಒಂದು ತಂತ್ರಾಂಶದ ಕಟ್ಟಿಗೆ ಇನ್ನೊಂದು ಬೇಕಾಗುವುದೇ, ಕಾರಣ. ಡೆಬಿಯನ್‌ನಲ್ಲಾದರೆ 'ಸೆಲೆಕ್ಟ್ ಆ್ಯಂಡ್ ಇನ್‌ಸ್ಟಾಲ್ ಸಾಫ್ಟ್‌ವೇರ್' ಹಂತದಲ್ಲಿ ಕೆಂಪು ಪರದೆ ಬಂದು ಕೂರುತ್ತದೆ.

ಕಮಾಂಡುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆದಿದೆ. ಉದಾಹರಣೆಗಳು ಹೆಚ್ಚಿನವು ಡೆಬಿಯನ್ 12ರವು.

ಜಗಳ ಹುಟ್ಟುವುದು ಎಲ್ಲಿ

ಮೊದಲ ಕಾರಣ, ಬೇರೆ ಬೇರೆ ದಿನದ ರೆಪೊಗಳ (ಪ್ಯಾಕೇಜುಗಳ ಭಂಡಾರಗಳ) ಬೆರಕೆ. ಉದಾಹರಣೆಗೆ, ತಂತ್ರಾಂಶ ಬರೆಯುವವರಿಗೆ ಬೇಕಾದ ಲಿಬ್‌ಎಸ್‌ಎಸ್‌ಎಲ್-ಡೆವ್ ಪ್ಯಾಕೇಜಿಗೆ ಲಿಬ್‌ಎಸ್‌ಎಸ್‌ಎಲ್3 ಲೈಬ್ರರಿ ಇದ್ದರಷ್ಟೇ ಸಾಲದು, ಅದೇ ಆವೃತ್ತಿಯದೇ ಬೇಕು. ಒಂದಂಕಿ ಹೆಚ್ಚುಕಡಿಮೆಯಾದರೂ ಒಪ್ಪುವುದಿಲ್ಲ. ಹೆಸರಿನ ಕೊನೆಯಲ್ಲಿ ಡೆವ್ ಇರುವ ಹೆಚ್ಚಿನ ಪ್ಯಾಕೇಜುಗಳು ಹೀಗೆಯೇ. ಒಂದೇ ಯಂತ್ರದಲ್ಲಿ 64 ಬಿಟ್, 32 ಬಿಟ್ ಎರಡೂ ಲೈಬ್ರರಿ ಹಾಕುವಾಗಲೂ ಇದೇ ಕಟ್ಟುನಿಟ್ಟು. ಮಿರರ್ (ರೆಪೊದ ನಕಲು) ಇಳಿಸುತ್ತಿರುವಾಗ ನೆಟ್ ಹೋಗಿ ಸೆಕ್ಯುರಿಟಿ ರೆಪೊ ಅರ್ಧಕ್ಕೆ ನಿಂತರೆ ಹೊಸ ಲೈಬ್ರರಿ ಬಂದಿರುತ್ತದೆ, ಅದರ ಡೆವ್ ಹಳೆಯದೇ ಉಳಿದಿರುತ್ತದೆ. ಇನ್‌ಸ್ಟಾಲರ್ ಅಲ್ಲಿಗೇ ಕೈಚೆಲ್ಲುತ್ತದೆ.

ಎರಡನೆಯದು, ಒಂದೇ ಜಾಗಕ್ಕೆ ಇಬ್ಬರನ್ನು ಕರೆಯುವುದು. ಪೋಸ್ಟ್‌ಫಿಕ್ಸ್ ಮತ್ತು ಎಕ್ಸಿಮ್4 ಒಂದೇ ಪಟ್ಟಿಯಲ್ಲಿದ್ದರೆ ಆಗದು, ಇಬ್ಬರದೂ ಅಂಚೆಯ ಕೆಲಸ. ಸಮಯ ಸರಿಪಡಿಸುವ ಕ್ರೋನಿ ಮತ್ತು ಎನ್‌ಟಿಪಿಸೆಕ್ ಕೂಡ ಹಾಗೆಯೇ. ಕ್ರೋನಿ ಒಂದನ್ನೇ ಹಾಕಿದರೆ ಮೊದಲೇ ಇರುವ ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ಸದ್ದಿಲ್ಲದೆ ಹೊರಟುಹೋಗುತ್ತದೆ. ಅದು ನಿಮಗೆ ಬೇಕಾದ ಬದಲಾವಣೆಯಾದರೆ ಸರಿ. ಗೊತ್ತಿಲ್ಲದೆ ಏನನ್ನೂ ಕಳೆದುಕೊಳ್ಳಬಾರದು ಎಂದಿದ್ದರೆ ಪ್ಯಾಕೇಜ್ ಹಾಕುವ ಆಪ್ಟ್-ಗೆಟ್ ಕಮಾಂಡಿಗೆ 'ಮೈನಸ್ ಮೈನಸ್ ನೋ-ರಿಮೂವ್' ಕೊಡಿ. ಆಗ ಯಾವುದನ್ನಾದರೂ ತೆಗೆಯಬೇಕಾಗಿ ಬಂದರೆ ಅದು ಅಲ್ಲಿಗೇ ನಿಲ್ಲುತ್ತದೆ. ಬರೀ 'ಮೈನಸ್ ವೈ' ಕೊಟ್ಟರೆ ಅತ್ಯಗತ್ಯ ಪ್ಯಾಕೇಜುಗಳನ್ನು ಬಿಟ್ಟು ಉಳಿದದ್ದನ್ನು ತೆಗೆಯಲು ಅದು ಹಿಂಜರಿಯುವುದಿಲ್ಲ.

ಮೂರನೆಯದು ಅವಲಂಬನೆಯ ತಪ್ಪೇ ಅಲ್ಲ, ಗಡಿಯಾರದ್ದು. ತೇವದ ಕೋಣೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಕಂಪ್ಯೂಟರಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಯಂತ್ರದ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ರೆಪೊದ ರಿಲೀಸ್ ಫೈಲ್ (ಅದರ ತಾರೀಖಿರುವ, ಸಹಿ ಮಾಡಿದ ಪಟ್ಟಿ) 'ಇನ್ನೂ ಜಾರಿಗೆ ಬಂದಿಲ್ಲ' ಎಂದು ಆಪ್ಟ್ ಅದನ್ನು ತಳ್ಳಿಹಾಕುತ್ತದೆ, ಪಟ್ಟಿ ಖಾಲಿಯಾಗುತ್ತದೆ, ಕೊನೆಗೆ ಪರದೆಯ ಮೇಲೆ ಕಾಣುವುದು ಮಾತ್ರ 'ಪ್ಯಾಕೇಜ್ ಸಿಗಲಿಲ್ಲ'. ಉಲ್ಟಾ ಕೂಡ ಆಗುತ್ತದೆ. ಸೆಕ್ಯುರಿಟಿ ರೆಪೊವನ್ನು ಯಥಾವತ್ತಾಗಿ ನಕಲಿಸಿಟ್ಟರೆ ಅದರ ರಿಲೀಸ್ ಫೈಲಿನ ವಾಯಿದೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಬ್ಯಾಟರಿ ಬದಲಿಸಿ, ಬಯಾಸ್‌ನಲ್ಲಿ ತಾರೀಖು ನೋಡಿ, ಆಮೇಲೆ ಬೇರೆ ಹುಡುಕಾಟ.

ಒಂದೇ ದಿನದ ನಕಲು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ. ಲ್ಯಾಬಿನ ಯಂತ್ರಗಳು ಇಂಟರ್ನೆಟ್ ಮುಟ್ಟಲೇಬಾರದು. ಒಂದು ಲ್ಯಾಪ್‌ಟಾಪ್, ಒಂದು ಗಿಗಾಬಿಟ್ ಸ್ವಿಚ್, ಎರಡಕ್ಕೂ ಯುಪಿಎಸ್. ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಒಳ್ಳೆ ನೆಟ್ ಸಿಗುವ ಕಡೆ ಲ್ಯಾಪ್‌ಟಾಪಿನಲ್ಲಿ ಆಪ್ಟ್ಲಿ ಎಂಬ ಸಾಧನದಿಂದ ಮಿರರ್ ಇಳಿಸಿಕೊಳ್ಳಿ.

ಮುಖ್ಯ ರೆಪೊದಿಂದ ನಿಮ್ಮ ಪಟ್ಟಿಯ ಪ್ಯಾಕೇಜುಗಳನ್ನಷ್ಟೇ 'ಫಿಲ್ಟರ್' ಮತ್ತು 'ಫಿಲ್ಟರ್-ವಿತ್-ಡೆಪ್ಸ್' ಆಯ್ಕೆಗಳಿಂದ ಆರಿಸಬಹುದು. ಆದರೆ ಸೆಕ್ಯುರಿಟಿ ರೆಪೊವನ್ನು ಜರಡಿ ಹಿಡಿಯಬೇಡಿ, ಪೂರ್ತಿ ಇಳಿಸಿ. ಜರಡಿ ಹಿಡಿದರೆ ಹೊಸ ಲೈಬ್ರರಿ ಯಾವುದೋ ಪ್ಯಾಕೇಜಿನ ಬೆನ್ನಿಗೆ ಬರುತ್ತದೆ, ಅದರ ಡೆವ್ ಹಿಂದುಳಿಯುತ್ತದೆ; ಮೇಲೆ ಹೇಳಿದ ಜಗಳವನ್ನು ನಾವೇ ತಂದುಕೊಂಡ ಹಾಗಾಗುತ್ತದೆ. ಎರಡೂ ಇಳಿದ ಮೇಲೆ ಒಂದೊಂದರ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಬದಲಾಗದ ನಕಲು) ತೆಗೆದು, ಎರಡನ್ನೂ ಸೇರಿಸಲು 'ಸ್ನ್ಯಾಪ್‌ಶಾಟ್ ಮರ್ಜ್' ಮಾಡಿ. ಒಂದೇ ಪ್ಯಾಕೇಜ್ ಎರಡರಲ್ಲೂ ಇದ್ದರೆ ಕೊನೆಗೆ ಬರೆದ ಸ್ನ್ಯಾಪ್‌ಶಾಟಿನದು ಉಳಿಯುತ್ತದೆ, ಆದ್ದರಿಂದ ಸೆಕ್ಯುರಿಟಿಯ ಹೆಸರು ಕೊನೆಯಲ್ಲಿರಲಿ. ನಂತರ 'ಸ್ನ್ಯಾಪ್‌ಶಾಟ್ ವೆರಿಫೈ'. ಸ್ನ್ಯಾಪ್‌ಶಾಟಿನೊಳಗೆ ತೀರದ ಅವಲಂಬನೆ ಇದ್ದರೆ ಅದು ಒಂದೊಂದಾಗಿ ಹೆಸರು ಹೇಳುತ್ತದೆ. ಈ ಹೆಜ್ಜೆ ತಪ್ಪಿಸಿ ಹೊರಟವರು ಅದೇ ಹೆಸರುಗಳನ್ನು ಲ್ಯಾಬಿನ ಕೆಂಪು ಪರದೆಯ ಮೇಲೆ ಓದಬೇಕಾಗುತ್ತದೆ.

ಆಪ್ಟ್ಲಿ ಪ್ರಕಟಿಸುವ ರೆಪೊಗೆ ಸಹಿ ನಿಮ್ಮದು, ಡೆಬಿಯನ್‌ದಲ್ಲ. ಇನ್‌ಸ್ಟಾಲರ್‌ಗೆ ಆ ಸಹಿಯ ಪರಿಚಯವಿಲ್ಲ. ಸುಲಭದ ದಾರಿಯೆಂದರೆ ಮೂಲ ವ್ಯವಸ್ಥೆಯನ್ನು ಡಿವಿಡಿ ಇಮೇಜಿನಿಂದ ಹಾಕಿ, ಆಪ್ಟ್ಲಿಯ ರೆಪೊವನ್ನು ಪ್ರಿಸೀಡ್‌ನ 'ಆಪ್ಟ್-ಸೆಟಪ್/ಲೋಕಲ್0/ರೆಪೊಸಿಟರಿ' ಸಾಲಿನಲ್ಲಿ, ಕೀಲಿಯನ್ನು 'ಆಪ್ಟ್-ಸೆಟಪ್/ಲೋಕಲ್0/ಕೀ' ಸಾಲಿನಲ್ಲಿ ಕೊಡುವುದು. ಸ್ನ್ಯಾಪ್‌ಶಾಟ್ ಡಿವಿಡಿಗಿಂತ ಹೊಸದಾಗಿರಬೇಕು. ನೆಟ್‌ಬೂಟ್‌ನಿಂದ (ನೆಟ್‌ವರ್ಕಿನ ಮೂಲಕ ಬೂಟ್ ಮಾಡಿ) ಹಾಕುವವರು ಇನ್ನೊಂದು ಗಮನಿಸಿ: ನೆಟ್‌ಬೂಟ್ ಇಮೇಜಿನ ಕರ್ನಲ್ ಹಳೆಯದು, ಮಿರರ್‌ನದು ಹೊಸದು ಎಂದಾದರೆ 'ಕರ್ನಲ್ ಮಾಡ್ಯೂಲ್ ಸಿಗಲಿಲ್ಲ' ಎಂದು ಆರಂಭದಲ್ಲೇ ನಿಲ್ಲುತ್ತದೆ. ಎರಡನ್ನೂ ಒಂದೇ ದಿನ ಇಳಿಸಿ.

ಪ್ರಿಸೀಡ್‌ನಲ್ಲಿ ಕಡಿಮೆ ಬರೆಯಿರಿ

ಹಾಕಬೇಕಾದ ಪ್ಯಾಕೇಜುಗಳ ಹೆಸರಿರುವ 'ಪಿಕೆಜಿಸೆಲ್/ಇನ್‌ಕ್ಲೂಡ್' ಸಾಲಿನಲ್ಲಿ ಒಂದು ಹೆಸರಿನ ಅಕ್ಷರ ತಪ್ಪಿದರೂ ಇಡೀ ಹಂತ ಬೀಳುತ್ತದೆ. ಆ ಸಾಲಿನಲ್ಲಿ ಓಪನ್‌ಎಸ್‌ಎಸ್‌ಎಚ್-ಸರ್ವರ್, ಕರ್ಲ್‌ನಂಥ ನಾಲ್ಕಾರು ಹೆಸರು ಸಾಕು. 'ಪಿಕೆಜಿಸೆಲ್/ಅಪ್‌ಗ್ರೇಡ್' ಸಾಲಿಗೆ 'ನನ್' (ಅಪ್‌ಗ್ರೇಡ್ ಬೇಡ) ಎಂದಿರಲಿ. ಉಳಿದದ್ದೆಲ್ಲ ಮೊದಲ ಬೂಟ್‌ನಲ್ಲಿ ಒಂದೇ ಸಲ ಓಡುವ ಸಿಸ್ಟಮ್‌ಡಿ ಸರ್ವೀಸಿಗೆ ಬಿಡಿ. ಅಲ್ಲಿ ಸೋತರೂ ಯಂತ್ರ ಬೂಟ್ ಆಗಿರುತ್ತದೆ, ಎಸ್‌ಎಸ್‌ಎಚ್‌ನಿಂದ ದೂರದಿಂದಲೇ ಒಳಗೆ ಹೋಗಿ ಸರಿಪಡಿಸಬಹುದು.

ಆ ಸರ್ವೀಸ್ ಓಡಿಸುವ ಸ್ಕ್ರಿಪ್ಟಿನಲ್ಲಿ ಡೆಬಿಯನ್_ಫ್ರಂಟ್‌ಎಂಡ್ ಚರಕ್ಕೆ 'ನಾನ್‌ಇಂಟರ್‌ಆ್ಯಕ್ಟಿವ್' ಕೊಡಿ. ಆಪ್ಟ್‌ನ ಕೆಳಗೆ ಪ್ಯಾಕೇಜ್ ಬಿಚ್ಚಿ ಹಾಕುವ ಡಿಪಿಕೆಜಿಗೆ 'ಫೋರ್ಸ್-ಕಾನ್ಫ್‌ಡೆಫ್', 'ಫೋರ್ಸ್-ಕಾನ್ಫ್‌ಓಲ್ಡ್' ಎರಡೂ ಬೇಕು. ಇಲ್ಲವಾದರೆ ಬದಲಾದ ಕಾನ್ಫಿಗ್ ಫೈಲ್ ಕಂಡಾಗ ಅದು ಯಾರೂ ಕೊಡದ ಉತ್ತರ ಕೇಳಿ ಅಲ್ಲಿಗೇ ನಿಲ್ಲುತ್ತದೆ. ಹಿನ್ನೆಲೆಯ ಅಪ್‌ಡೇಟ್ ಅದೇ ಹೊತ್ತಿಗೆ ಬೀಗ ಹಿಡಿದಿರಬಹುದು, ಅದಕ್ಕೆ 'ಡಿಪಿಕೆಜಿ::ಲಾಕ್::ಟೈಮ್‌ಔಟ್=300' ಸೇರಿಸಿ. ತಪ್ಪನ್ನು ನುಂಗಲು ಸಾಲಿನ ಕೊನೆಗೆ 'ಆರ್ ಟ್ರೂ' ಹಚ್ಚುವ ರೂಢಿ ಬೇಡ. ಯಂತ್ರ ಸಿದ್ಧವಾದಂತೆ ಕಾಣುತ್ತದೆ, ಮಕ್ಕಳು ಕೂತಾಗ ಅರ್ಧ ತಂತ್ರಾಂಶ ಇರುವುದಿಲ್ಲ.

ಹಗುರವಾಗಲೆಂದು ರೆಕಮೆಂಡ್ಸ್ (ಬೇಕೇಬೇಕಿಲ್ಲದ, ಆದರೆ ಜೊತೆಗಿರಲೆಂದು ಸೂಚಿಸಿದ ಪ್ಯಾಕೇಜುಗಳು) ಆಫ್ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಕನ್ನಡದ ಅಕ್ಷರವೂ ಟೈಪಿಂಗೂ ಜೊತೆಗೆ ಬರುತ್ತವೆಂದು ನಂಬಬೇಡಿ. ಫಾಂಟ್ಸ್-ಲೋಹಿತ್-ಕೆಎನ್‌ಡಿಎ, ಐಬಸ್-ಎಂ17ಎನ್ ಎಂದು ಹೆಸರು ಹಿಡಿದು ಬರೆಯಿರಿ.

ಹೊರಗಿನ ಕಂಪನಿಯ ರೆಪೊಗಳನ್ನು ಇನ್‌ಸ್ಟಾಲ್ ಹಂತಕ್ಕೆ ತರಲೇಬೇಡಿ. ಮೊದಲ ಬೂಟ್‌ನಲ್ಲಿ ಪ್ರಿಫರೆನ್ಸಸ್.ಡಿ ಡೈರೆಕ್ಟರಿಯಲ್ಲಿ ಆ ರೆಪೊಗೆ ಪಿನ್-ಪ್ರಯಾರಿಟಿ (ಆದ್ಯತೆಯ ತೂಕ) 100 ಬರೆದು, ಆಮೇಲಷ್ಟೇ ರೆಪೊ ಸೇರಿಸಿ. ಮಾಮೂಲಿ ರೆಪೊದ ತೂಕ 500. ಹಾಗಾಗಿ ಎರಡೂ ಕಡೆ ಇರುವ ಲೈಬ್ರರಿ ಡೆಬಿಯನ್‌ನಿಂದಲೇ ಬರುತ್ತದೆ, ಅಲ್ಲಿ ಇಲ್ಲದ್ದು ಮಾತ್ರ ಹೊರಗಿನಿಂದ. 1000 ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ ಆಪ್ಟ್ ಆವೃತ್ತಿ ಇಳಿಸುವುದಕ್ಕೂ ಸಿದ್ಧ, ಅದು ಇಲ್ಲಿ ಬೇಡ.

ಕಿಕ್‌ಸ್ಟಾರ್ಟ್‌ನವರಿಗೆ

ಕಿಕ್‌ಸ್ಟಾರ್ಟ್ ಫೈಲನ್ನು ಪರೀಕ್ಷಿಸುವ ಕೆಎಸ್‌ವ್ಯಾಲಿಡೇಟರ್ ನೋಡುವುದು ವ್ಯಾಕರಣವನ್ನಷ್ಟೇ. ಪ್ಯಾಕೇಜ್ ಇದೆಯೋ ಇಲ್ಲವೋ ಅದಕ್ಕೆ ತಿಳಿಯದು. ಪಟ್ಟಿಯನ್ನು ಡಿಎನ್‌ಎಫ್‌ನ (ಇಲ್ಲಿ ಆಪ್ಟ್‌ನ ಕೆಲಸ ಮಾಡುವುದು ಇದು) 'ಇನ್‌ಸ್ಟಾಲ್‌ರೂಟ್' ಮತ್ತು 'ಅಸ್ಯೂಮ್‌ನೋ' ಆಯ್ಕೆಗಳಿಂದ ಖಾಲಿ ಡೈರೆಕ್ಟರಿಯ ಮೇಲೆ ಓಡಿಸಿ ನೋಡಿ. ಹೆಚ್ಚುವರಿ ಪ್ಯಾಕೇಜುಗಳ ಎಪೆಲ್ ರೆಪೊ ಸೇರಿಸಿ ಸಿಆರ್‌ಬಿ ರೆಪೊ ಮರೆಯುವುದು ಇಲ್ಲಿನ ಮಾಮೂಲಿ ತಪ್ಪು. ಎಪೆಲ್‌ನ ಅನೇಕ ಪ್ಯಾಕೇಜುಗಳಿಗೆ ಸಿಆರ್‌ಬಿಯ ಲೈಬ್ರರಿಗಳು ಬೇಕು, ಇಲ್ಲದಿದ್ದರೆ 'ನಥಿಂಗ್ ಪ್ರೊವೈಡ್ಸ್' ಎಂಬ ಉತ್ತರ. 'ಇಗ್ನೋರ್‌ಮಿಸ್ಸಿಂಗ್' ಕೊಟ್ಟರೆ ಇಲ್ಲದ ಹೆಸರನ್ನು ದಾಟಿ ಮುಂದೆ ಹೋಗುತ್ತದೆ, ಅವಲಂಬನೆಯ ಜಗಳವನ್ನು ಅದು ಬಿಡಿಸುವುದಿಲ್ಲ.

ಆದರೂ ನಿಂತರೆ

ಡೆಬಿಯನ್‌ನ ಪಠ್ಯ ಇನ್‌ಸ್ಟಾಲರ್‌ನಲ್ಲಿ ಆಲ್ಟ್ ಎಫ್4 ಒತ್ತಿದರೆ ಲಾಗ್, ಆಲ್ಟ್ ಎಫ್2 ಒತ್ತಿದರೆ ಶೆಲ್. ಶೆಲ್‌ನಲ್ಲಿ 'ಸಿಎಚ್‌ರೂಟ್ /ಟಾರ್ಗೆಟ್' ಮಾಡಿ (ಹೊಸದಾಗಿ ಹಾಕುತ್ತಿರುವ ವ್ಯವಸ್ಥೆಯ ಒಳಗೆ ಹೋಗಿ), ಬಿದ್ದ ಪಟ್ಟಿಯನ್ನೇ 'ಆಪ್ಟ್-ಗೆಟ್ ಮೈನಸ್ ಎಸ್ ಇನ್‌ಸ್ಟಾಲ್' ಎಂದು ಕೊಡಿ. ಏನನ್ನೂ ಹಾಕದೆ ಲೆಕ್ಕ ಮಾತ್ರ ಹೇಳುತ್ತದೆ. ಬರುವ ಉತ್ತರದಲ್ಲಿ ಮೂರು ಬಗೆ, ಮೂರಕ್ಕೂ ಅರ್ಥ ಬೇರೆ. 'ನಾಟ್ ಇನ್‌ಸ್ಟಾಲಬಲ್' ಎಂದರೆ ಆ ಪ್ಯಾಕೇಜ್ ಯಾವ ರೆಪೊದಲ್ಲೂ ಇಲ್ಲ: ಮಿರರ್ ನೋಡಿ, ತಾರೀಖು ನೋಡಿ. ಒಂದು ಆವೃತ್ತಿಯ ಅಂಕಿ ಕೊಟ್ಟು 'ಈಸ್ ಟು ಬಿ ಇನ್‌ಸ್ಟಾಲ್ಡ್' ಎಂದರೆ ಆವೃತ್ತಿ ಹೊಂದುತ್ತಿಲ್ಲ: 'ಆಪ್ಟ್-ಕ್ಯಾಶ್ ಪಾಲಿಸಿ' ಎಂದು ಕೇಳಿ, ಯಾವ ಅಂಕಿ ಯಾವ ರೆಪೊದಿಂದ ಬಂತೆಂದು ಅದು ತೋರಿಸುತ್ತದೆ. 'ನಾಟ್ ಗೋಯಿಂಗ್ ಟು ಬಿ ಇನ್‌ಸ್ಟಾಲ್ಡ್' ಎಂದರೆ ಪ್ಯಾಕೇಜ್ ಇದೆ, ಅದರ ಹಿಂದೆ ಇನ್ನೇನೋ ಅಡ್ಡ ನಿಂತಿದೆ. ಆ ಹೆಸರನ್ನೂ ಪಟ್ಟಿಗೆ ಸೇರಿಸಿ ಮತ್ತೆ 'ಮೈನಸ್ ಎಸ್' ಓಡಿಸಿ, ಮೊದಲ ಎರಡು ಬಗೆಯಲ್ಲೊಂದು ಕಾಣುವ ತನಕ ಒಂದೊಂದೇ ಮೆಟ್ಟಿಲು ಇಳಿಯಿರಿ.

ತಪ್ಪು ಮಿರರ್‌ನದಾಗಿದ್ದರೆ ಲ್ಯಾಪ್‌ಟಾಪಿನಲ್ಲಿ ಸ್ನ್ಯಾಪ್‌ಶಾಟ್ ಸರಿಮಾಡಿ 'ಪಬ್ಲಿಶ್ ಸ್ವಿಚ್' ಕೊಡಿ. ನಿಂತ ಪ್ರತಿ ಯಂತ್ರದ ಶೆಲ್‌ನಲ್ಲಿ 'ಸಿಎಚ್‌ರೂಟ್ /ಟಾರ್ಗೆಟ್ ಆಪ್ಟ್-ಗೆಟ್ ಅಪ್‌ಡೇಟ್' ಓಡಿಸಿ, ಆಲ್ಟ್ ಎಫ್1ಕ್ಕೆ ಮರಳಿ, ಮೆನುವಿನಲ್ಲಿ ಅದೇ ಹಂತವನ್ನು ಮತ್ತೆ ಆರಿಸಿ. ಮುಗಿದ ಹಂತಗಳನ್ನು ಮತ್ತೆ ಮಾಡಬೇಕಿಲ್ಲ. ತಪ್ಪು ಪ್ರಿಸೀಡ್ ಫೈಲಿನದಾಗಿದ್ದರೆ ಈ ಉಪಾಯ ನಡೆಯದು. ಆ ಫೈಲನ್ನು ಯಂತ್ರ ಆರಂಭದಲ್ಲೇ ಓದಿ ಮುಗಿಸಿರುತ್ತದೆ, ತಿದ್ದಿದ ಮೇಲೆ ಮೊದಲಿನಿಂದ ಬೂಟ್ ಮಾಡುವುದೇ ಸರಿ.