ಅಡಿಕೆ ಸಿಪ್ಪೆಯ ಏರೋಜೆಲ್: ಒಣಗಿಸುವುದೇ ದೊಡ್ಡ ಕೆಲಸ

ಸುಲಿಯುವ ಕೆಲಸ ಮುಗಿದ ಮೇಲೆ ಮಲೆನಾಡಿನ ತೋಟಗಳ ಬದಿಯಲ್ಲಿ ಅಡಿಕೆ ಸಿಪ್ಪೆ ರಾಶಿ ಬಿದ್ದಿರುತ್ತದೆ. ಆ ನಾರಿನಲ್ಲಿ ಸೆಲ್ಯುಲೋಸ್ ಧಾರಾಳವಾಗಿದೆ. ಶಿವಮೊಗ್ಗದ ನಮ್ಮ ಲ್ಯಾಬಿನಲ್ಲಿ ಏರೋಜೆಲ್, ಅಂದರೆ ತುಂಬಾ ಸಣ್ಣ ರಂಧ್ರಗಳಿರುವ ಹಗುರ ಘನವಸ್ತು, ಮಾಡಲು ನಾನು ಅದನ್ನೇ ಹಿಡಿದೆ. ಶಾಖ ತಡೆಯಬೇಕು, ಮೈಕ್ರೋವೇವ್ ಹೀರಬೇಕು, ತೂಕ ಇರಬಾರದು.

ನಾರನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳಿ ಮಾಡಿ, ತೆಳ್ಳಗೆ ರುಬ್ಬಿಕೊಳ್ಳುವುದು ಕಷ್ಟವಲ್ಲ. ಕಷ್ಟ ಇರುವುದು ಒಣಗಿಸುವುದರಲ್ಲಿ. ಏರೋಜೆಲ್‌ನಲ್ಲಿ ಬಹುಪಾಲು ಖಾಲಿ ಜಾಗವೇ. ಸುಮ್ನೆ ಬಿಸಿಲಿಗಿಟ್ಟರೆ ನೀರು ಹೋಗುತ್ತಾ ರಂಧ್ರಗಳ ಗೋಡೆಯನ್ನು ಒಳಕ್ಕೆ ಎಳೆದು, ಹಪ್ಪಳದಂಥ ತುಂಡು ಉಳಿಸುತ್ತದೆ. 1931ರಲ್ಲಿ ಅಮೆರಿಕದ ವಿಜ್ಞಾನಿ ಸ್ಯಾಮ್ಯುಯೆಲ್ ಕಿಸ್ಟ್ಲರ್ ಬಿಡಿಸಿದ್ದು ಇದೇ ಗಂಟನ್ನು. ಒತ್ತಡ, ಬಿಸಿ ಎರಡನ್ನೂ ಏರಿಸಿ, ದ್ರವಕ್ಕೂ ಅನಿಲಕ್ಕೂ ಗಡಿಯೇ ಇಲ್ಲದ ಸ್ಥಿತಿಯಲ್ಲಿ ಅವರು ದ್ರವವನ್ನು ಹೊರಬಿಟ್ಟರು. ಅಂಥ ಪಾತ್ರೆ ನಮ್ಮಲ್ಲಿಲ್ಲ. ನಮ್ಮದು ಫ್ರೀಜ್ ಡ್ರೈಯರ್, ಹೆಪ್ಪುಗಟ್ಟಿಸಿದ್ದನ್ನು ನಿರ್ವಾತದಲ್ಲಿ ಒಣಗಿಸುವ ಯಂತ್ರ.

ತಾಮ್ರದ ತಟ್ಟೆಯ ಮೇಲೆ ನೀರಿನಲ್ಲಿ ಕಲಸಿದ ನಾರು ತುಂಬಿದ ಅಚ್ಚಿಟ್ಟು, ತಟ್ಟೆಯನ್ನು ದ್ರವ ಸಾರಜನಕದಿಂದ ತಣಿಸುತ್ತೇನೆ. ಮಂಜುಗಡ್ಡೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತಾ ನಾರನ್ನು ಪಕ್ಕಕ್ಕೆ ತಳ್ಳುತ್ತದೆ. ನಿರ್ವಾತದಲ್ಲಿ ಮಂಜು ಆವಿಯಾದರೆ ಅದು ನಿಂತಿದ್ದ ಜಾಗ ಉದ್ದುದ್ದ ಕೊಳವೆಗಳಾಗಿ ಉಳಿಯುತ್ತದೆ. ಶಾಖ ಆ ಕೊಳವೆಗಳ ಉದ್ದಕ್ಕೆ ಬೇಗ ಓಡುತ್ತದೆ, ಅಡ್ಡಕ್ಕೆ ನಿಧಾನ. ಆದ್ದರಿಂದ ಬಿಸಿಯ ಕಡೆಗೆ ಯಾವ ಮಗ್ಗುಲು ಇಡುತ್ತೇವೆ ಅನ್ನುವುದು ಮುಖ್ಯ. ಮಳೆಗಾಲದಲ್ಲಿ ನಡುವೆ ಕರೆಂಟ್ ಹೋದರೆ ಮಂಜು ಕರಗಿ ಎಲ್ಲ ಕುಸಿಯುತ್ತದೆ. ಜನರೇಟರ್‌ಗೆ ಡೀಸೆಲ್ ಇದೆಯಾ ಅಂತ ನೋಡಿಕೊಂಡೇ ಯಂತ್ರ ಹಾಕುತ್ತೇನೆ.

ಒಂದು ಮಾತು ಹೇಳಲೇಬೇಕು. ಸಿಲಿಕಾ ಏರೋಜೆಲ್‌ನ ರಂಧ್ರಗಳು ಎಷ್ಟು ಸಣ್ಣವೆಂದರೆ ಗಾಳಿಯ ಅಣುಗಳಿಗೆ ಒಂದಕ್ಕೊಂದು ಬಡಿದುಕೊಳ್ಳಲೂ ಜಾಗವಿಲ್ಲ. ಅದಕ್ಕೇ ಅದು ನಿಂತ ಗಾಳಿಗಿಂತಲೂ ಚೆನ್ನಾಗಿ ಶಾಖ ತಡೆಯುತ್ತದೆ. ಮಂಜು ಬಿಟ್ಟುಹೋದ ರಂಧ್ರಗಳು ಅದಕ್ಕಿಂತ ತುಂಬಾ ದೊಡ್ಡವು. ನಮ್ಮದು ಅಷ್ಟು ಮಾಡದು.

ಆಮೇಲೆ, ಮೈಕ್ರೋವೇವ್ ಹೀರುವಂತಾಗಲು, ಸಾರಜನಕ ಹರಿಸಿ ಕುಲುಮೆಯಲ್ಲಿ ಕರಿ (ಕಾರ್ಬನ್) ಮಾಡುವುದು. ಬಿಸಿ ಏರಿಸಿದಷ್ಟೂ ಕಾರ್ಬನ್‌ನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಅದು ಒಳ್ಳೆಯದೇ ಅಲ್ವಾ ಸರ್ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಅಲ್ಲ. ವಾಹಕತೆ ಜಾಸ್ತಿಯಾದರೆ ತರಂಗ ಒಳಗೇ ಹೋಗದೆ ಮೇಲಿನಿಂದಲೇ ವಾಪಸ್ ಬರುತ್ತದೆ. ಕಡಿಮೆಯಾದರೆ ಹೀರದೆ ದಾಟಿಹೋಗುತ್ತದೆ. ನನ್ನ ತುಂಡುಗಳಿಗೆ 700 ಡಿಗ್ರಿ ಸೆಲ್ಸಿಯಸ್ ಆಸುಪಾಸು ಹೊಂದಿತು.

ಎಷ್ಟು ಹೀರುತ್ತದೆ ಅಂತ ಅಳೆಯುವುದು 8ರಿಂದ 12 ಗಿಗಾಹರ್ಟ್ಸ್ ನಡುವಿನ ಮೈಕ್ರೋವೇವ್‌ನಲ್ಲಿ. ವೇವ್‌ಗೈಡ್‌ನ (ತರಂಗ ಹರಿಯುವ ಲೋಹದ ಕೊಳವೆ) ಬಾಯಿ 22.86 ಮಿ.ಮೀ. ಅಗಲ, 10.16 ಮಿ.ಮೀ. ಎತ್ತರ. ಕರಿ ತುಂಡು ಪುಡಿಯಾಗದಂತೆ ಹೊಸ ಬ್ಲೇಡಿನಲ್ಲಿ ಸವರಿ ಅಷ್ಟಕ್ಕೇ ಕೂರಿಸಬೇಕು. ಸಂದು ಬಿಟ್ಟರೆ ಅಳತೆ ಕೆಡುತ್ತದೆ. ತುಂಡಿನ ಹಿಂಬದಿಗೆ ಲೋಹದ ತಗಡಿಟ್ಟು ನೋಡಿದಾಗ ವಾಪಸ್ ಬರುವ ತರಂಗ ಮೈನಸ್ 10 ಡೆಸಿಬೆಲ್ ಇದ್ದರೆ 90% ಶಕ್ತಿ ಹೀರಿಕೊಂಡಿದೆ ಎಂದರ್ಥ, ಮೈನಸ್ 20 ಆದರೆ 99%.

ನಮ್ಮ ಊರಿನ ತೇವ ಮಾತ್ರ ಬಿಡುವುದಿಲ್ಲ. ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಶಾಖ ದಾಟಿಸುತ್ತದೆ. ಮೈಕ್ರೋವೇವನ್ನೂ ತಾನೇ ಹೀರುತ್ತದೆ. ಹಾಗಾಗಿ 105 ಡಿಗ್ರಿಯಲ್ಲಿ ಒಣಗಿಸಿ ತೂಗುತ್ತೇನೆ, ಅಳೆದ ಮೇಲೆ ಮತ್ತೆ ತೂಗುತ್ತೇನೆ. ತೂಕ ಏರಿದ್ದರೆ ಗ್ರಾಫ್ ಎಷ್ಟೇ ಚೆನ್ನಾಗಿದ್ದರೂ ನೋಟ್‌ಬುಕ್ಕಿಗೆ ಹತ್ತಿಸುವುದಿಲ್ಲ.