ಎಕ್ಕ, ಹತ್ತು ಮತ್ತು ಇಪ್ಪತ್ತೊಂಬತ್ತನೆಯ ಸ್ಥಾನ

ನಮ್ಮ ಶಿರಸಿ ಕಡೆಯ ಮದುವೆ, ಉಪನಯನದ ಮನೆಗಳಲ್ಲಿ ಹಿಂದಿನ ರಾತ್ರಿ ಒಳಗೆ ತರಕಾರಿ ಹೆಚ್ಚುತ್ತಿದ್ದರೆ ಜಗುಲಿಯಲ್ಲಿ ಇಸ್ಪೀಟು ಶುರುವಾಗಿರುತ್ತದೆ. ನಾನು ಇಪ್ಪತ್ತೆಂಟು ಎಂಬ ಆಟ ಕಲಿತದ್ದು ಅಲ್ಲಿಯೇ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಬಣ್ಣ ಸೇರಿ 28. ಗುಲಾಮ, ಒಂಬತ್ತು ಕೈಗೆ ಬಂದರೆ ಧೈರ್ಯವಾಗಿ ಕೇಳಬೇಕು, ಬರದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. 2020ರ ಲಾಕ್‌ಡೌನಿನಲ್ಲಿ ಮೊಬೈಲಿನಲ್ಲಿ ಪೋಕರ್ (ಕೈಗೆ ಎರಡೆರಡು ಎಲೆ, ಎಲ್ಲರಿಗೂ ಸೇರಿ ಮೇಜಿನ ಮೇಲೆ ಐದು ಎಲೆ ಬರುವ ಇಸ್ಪೀಟು) ಟೂರ್ನಮೆಂಟ್ ಆಡತೊಡಗಿದಾಗಲೂ ನನಗಿದ್ದದ್ದು ಇದೇ ಬುದ್ಧಿ. ಒಳ್ಳೆಯ ಎಲೆಗಾಗಿ ಕಾಯುತ್ತಿದ್ದೆ, ಬಂದರೆ ಬಿಡುತ್ತಿರಲಿಲ್ಲ. ಒಂದು ವರ್ಷಕ್ಕೂ ಮೇಲೆ ಹೀಗೆಯೇ ಸೋತೆ.

ಅಕ್ಟೋಬರ್ 2021ರಲ್ಲಿ ರಾಜ್ಯದ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಬಂದು ಹಣ ಕಟ್ಟಿ ಆಡುವ ಆಟಗಳು ಇಲ್ಲಿ ನಿಂತವು. ಫೆಬ್ರುವರಿ 2022ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. ನಡುವಿನ ನಾಲ್ಕು ತಿಂಗಳು ನನಗೆ ಒಳ್ಳೆಯದನ್ನೇ ಮಾಡಿತು. ಆಡಲಾಗದ ಹೊತ್ತಿನಲ್ಲಿ ಆಡಿದ್ದನ್ನು ನೆನಪಿಸಿಕೊಂಡು ಬರೆಯಲು ಕೂತೆ. ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಪುಸ್ತಕ ತೆರೆಯುವುದು ಕೈಗೆ ಅಭ್ಯಾಸವಾದ ಕೆಲಸ. ಪ್ರತಿ ಆಟದಿಂದ ಹೊರಬಿದ್ದ ಕೊನೆಯ ಕೈಯನ್ನು ಬರೆದೆ: ನನ್ನ ಎಲೆ ಯಾವುದು, ಚಿಪ್ಸ್ (ಪಣಕ್ಕಿಡುವ ಬಿಲ್ಲೆ) ಎಷ್ಟಿತ್ತು, ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಕಟ್ಟಬೇಕಾದ ಸಣ್ಣ, ದೊಡ್ಡ ಪಣ) ಎಷ್ಟು, ಎದುರಿಗೆ ಯಾರಿದ್ದರು. ನೆನಪಾದದ್ದು ನಲವತ್ತು ಕೈಗಳಷ್ಟೇ. ಅಷ್ಟರಲ್ಲಿಯೇ ರೋಗ ಕಾಣಿಸಿತು.

ಅರ್ಧಕ್ಕರ್ಧ ಸಲ ನಾನು ಕಾದು ಕಾದು ಬರಿದಾಗಿದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂಬತ್ತು ಜನರ ಮೇಜು, ಬ್ಲೈಂಡ್ 500 ಮತ್ತು 1000, ಪ್ರತಿಯೊಬ್ಬರೂ ಪ್ರತಿ ಕೈಗೆ ಕಟ್ಟುವ ಪಣ, ಅಂದರೆ ಆಂಟಿ, 100 ಎಂದುಕೊಳ್ಳಿ. ಯಾರೂ ಏನೂ ಮಾಡುವ ಮೊದಲೇ ನಡುವೆ 2,400 ಚಿಪ್ಸ್ ಬಿದ್ದಿರುತ್ತದೆ. ನನ್ನ ಬಳಿ 10,000 ಇದ್ದರೆ ಸುಮ್ಮನೆ ಕೂತ ಒಂದೊಂದು ಸುತ್ತಿಗೂ ನನ್ನ ಗಂಟಿನ ಸುಮಾರು ಕಾಲು ಭಾಗ ಕರಗುತ್ತದೆ. ಅದೇ ನಾನು ಮೊದಲಿಗನಾಗಿ ಆಲ್-ಇನ್ (ಇದ್ದ ಚಿಪ್ಸೆಲ್ಲ ಪಣಕ್ಕೆ) ಹೇಳಿ ಉಳಿದವರು ಎಲೆ ಬಿಟ್ಟರೆ, ಎಲೆ ತೋರಿಸದೆಯೇ ಕಾಲು ಭಾಗ ಸೇರುತ್ತದೆ. ಜೋಡಿ ಎಕ್ಕ ಬರುವುದು ಸರಾಸರಿ 221 ಕೈಗಳಿಗೊಮ್ಮೆ. ಬ್ಲೈಂಡ್ ಅಷ್ಟು ಹೊತ್ತು ಯಾರಿಗೂ ಕಾಯುವುದಿಲ್ಲ. ನಾನು ಮೂರು, ನಾಲ್ಕು ಬ್ಲೈಂಡ್ (ದೊಡ್ಡ ಬ್ಲೈಂಡಿನ ಅಷ್ಟು ಪಟ್ಟು ಚಿಪ್ಸ್) ಉಳಿಯುವ ತನಕ ಕಾದು ಆಮೇಲೆ ಆಲ್-ಇನ್ ಹೇಳಿದರೆ ಎದುರಿನವನಿಗೆ ಹೆದರಿಕೆ ಎಲ್ಲಿಂದ ಬರಬೇಕು? ಹತ್ತು, ಹನ್ನೆರಡು ಬ್ಲೈಂಡ್ ಇರುವಾಗಲೇ, ಎಲೆ ಹಂಚುವವನ ಜಾಗವಾದ ಬಟನ್‌ನಲ್ಲಿ ಅಥವಾ ಅದರ ಹಿಂದಿನ ಜಾಗದಲ್ಲಿ ಕೂತು, ಎಕ್ಕ ಮತ್ತು ಹತ್ತು ಇದ್ದರೂ ಸಾಕೆಂದು ಎಲ್ಲ ಚಿಪ್ಸನ್ನೂ ಮುಂದೆ ತಳ್ಳಲು ಕಲಿತೆ. 2022ರಲ್ಲಿ ನಾನು ಅಂತಿಮ ಮೇಜಿಗೆ ಹೋಗತೊಡಗಿದ್ದು ಇದೊಂದರಿಂದಲೇ.

ಆದರೆ ಅದೇ ಎಕ್ಕ-ಹತ್ತು ನನ್ನನ್ನು ಒಮ್ಮೆ ಚೆನ್ನಾಗಿ ಹೊಡೆಯಿತು. ಆ ಕೈ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. 180 ಜನರ ಟೂರ್ನಮೆಂಟ್, ಬಹುಮಾನ 27 ಜನಕ್ಕೆ, ಉಳಿದವರು 29. ಹೊರಗೆ ಆಷಾಢದ ಮಳೆ ಹೊಯ್ಯುತ್ತಿತ್ತು. ನಾನು ದೊಡ್ಡ ಬ್ಲೈಂಡ್‌ನಲ್ಲಿದ್ದೆ; 1000 ಕಟ್ಟಿದ ಮೇಲೆ 13,000 ಉಳಿದಿತ್ತು. ಬಟನ್‌ನಲ್ಲಿದ್ದವನ ಬಳಿ ನನ್ನ ಮೂರು ಪಟ್ಟು ಚಿಪ್ಸ್. ಅವನು ಆಲ್-ಇನ್ ಹೇಳಿದ. ನನ್ನ ಕೈಯಲ್ಲಿ ಆಟಿನ್ ಎಕ್ಕ, ಕಳಾವರ್ ಹತ್ತು. ಲೆಕ್ಕ ಹಾಕಿದೆ: 13,000 ಹಾಕಿದರೆ ಒಟ್ಟು 29,400 ಆಗುತ್ತದೆ, ನೂರಕ್ಕೆ 44 ಸಲ ಗೆದ್ದರೆ ನಷ್ಟವಿಲ್ಲ. ಬಟನ್‌ನಿಂದ ಏನೇನನ್ನೋ ತಳ್ಳುವವನ ಎದುರು ಎಕ್ಕ-ಹತ್ತಿಗೆ ಅಷ್ಟು ಬಲ ಇದ್ದೇ ಇದೆ. ಹಾಕಿದೆ. ಅವನ ಬಳಿ ಜೋಡಿ ಏಳು. ಮೇಜಿನ ಐದು ಎಲೆಗಳಲ್ಲಿ ನನಗೆ ಒಂದೂ ಒದಗಲಿಲ್ಲ. ಇಪ್ಪತ್ತೊಂಬತ್ತನೆಯ ಸ್ಥಾನ.

ಕುಮಟಾದಲ್ಲಿರುವ ನನ್ನ ಗೆಳೆಯರೊಬ್ಬರು ನನಗಿಂತ ಹಳೆಯ ಆಟಗಾರರು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ದುರದೃಷ್ಟ ಎಂದು ಹೇಳಿಕೊಂಡೆ. ಅವರು ಸಮಾಧಾನ ಹೇಳಲಿಲ್ಲ. “ಹೆಗಡೆಯವರೇ, ಉಳಿದ ಮೇಜುಗಳಲ್ಲಿ ಕಡಿಮೆ ಚಿಪ್ಸ್ ಇದ್ದವರು ಯಾರಾದರೂ ಇದ್ದರೇ?” ಎಂದು ಕೇಳಿದರು. ಇದ್ದರು. ಒಬ್ಬನ ಬಳಿ ಎರಡು ಬ್ಲೈಂಡ್, ಇನ್ನೊಬ್ಬನ ಬಳಿ ಮೂರು. ಎಲ್ಲರ ಚಿಪ್ಸ್ ತೋರಿಸುವ ಪಟ್ಟಿಯಲ್ಲಿ ಎದ್ದು ಕಾಣುತ್ತಿತ್ತು, ನಾನು ನೋಡಿಯೇ ಇರಲಿಲ್ಲ. “ಹಾಗಾದರೆ ನೀವು ಎಲೆ ನೋಡಿದಿರಿ, ಮೇಜು ನೋಡಲಿಲ್ಲ.”

ನನಗೆ ಅದು ನಾಟಿದ್ದು ವಖಾರಿಯ ಮೂಲಕ. ಟೆಂಡರಿನಲ್ಲಿ ಒಂದೇ ರಾಶಿ ಅಡಿಕೆಗೆ ಒಬ್ಬ ವ್ಯಾಪಾರಿ ಹೆಚ್ಚು ಬರೆಯುತ್ತಾನೆ, ಇನ್ನೊಬ್ಬ ಕಡಿಮೆ. ಇಬ್ಬರಿಗೂ ಅಡಿಕೆ ಗೊತ್ತು. ಆದರೆ ಒಬ್ಬನ ಗೋದಾಮು ತುಂಬಿದೆ, ಕೈಯಲ್ಲಿ ಹಣವಿಲ್ಲ. ಅವನು ಬರೆಯುವುದು ಅಡಿಕೆಯ ಬೆಲೆಯನ್ನಲ್ಲ, ಅಂದು ಅದು ತನಗೆ ಬಾಳುವ ಬೆಲೆಯನ್ನು. ಟೂರ್ನಮೆಂಟಿನ ಚಿಪ್ಸ್ ಹೀಗೆಯೇ. ಗೆಲ್ಲುವ 13,000 ಚಿಪ್ಸಿಗಿಂತ ಕಳೆದುಕೊಳ್ಳುವ 13,000 ಹೆಚ್ಚು ತೂಗುತ್ತದೆ, ಏಕೆಂದರೆ ಕಳೆದುಕೊಂಡರೆ ಆಟವೇ ಮುಗಿಯಿತು. ಬಹುಮಾನದ ಹೊಸ್ತಿಲಲ್ಲಿ, ಆಟಗಾರರು ಬಬಲ್ ಎನ್ನುವ ಹೊತ್ತಿನಲ್ಲಿ, ಈ ಅಂತರ ಬಹಳ ಹಿಗ್ಗುತ್ತದೆ. ಇದನ್ನು ಲೆಕ್ಕ ಮಾಡುವ ಕ್ರಮಕ್ಕೆ ಇಂಡಿಪೆಂಡೆಂಟ್ ಚಿಪ್ ಮಾಡೆಲ್ ಎಂದು ಹೆಸರು. ಆ ಕ್ರಮದಲ್ಲಿ ನೋಡಿದರೆ ನನಗೆ ಅಂದು 44 ಸಾಲದು, ಅದಕ್ಕಿಂತ ಬಹಳ ಹೆಚ್ಚು ಬೇಕಿತ್ತು. ತಳ್ಳುವವನಿಗೆ ಎದುರಿನವರು ಎಲೆ ಬಿಡುವ ಲಾಭವೂ ಇರುತ್ತದೆ. ಒಪ್ಪಿಕೊಳ್ಳುವವನಿಗೆ ಎಲೆಯೊಂದೇ ಗತಿ. ಮೊದಲಿಗನಾಗಿ ತಳ್ಳಲು ಸಾಕಾದ ಎಕ್ಕ-ಹತ್ತು, ಇನ್ನೊಬ್ಬ ತಳ್ಳಿದಾಗ ಒಪ್ಪಿಕೊಳ್ಳಲು ಸಾಲದೇ ಹೋಗುವುದು ಇದಕ್ಕೇ.

ಅಂದಿನಿಂದ ಪುಸ್ತಕದಲ್ಲಿ ಒಂದು ಬದಲಾವಣೆ ಮಾಡಿದೆ. ಕೈ ಗೆದ್ದಿತೋ ಸೋತಿತೋ ಎಂಬ ಅಂಕಣವನ್ನು ತೆಗೆದುಹಾಕಿ, ಆ ಜಾಗದಲ್ಲಿ ಉಳಿದವರಲ್ಲಿ ಅತಿ ಕಡಿಮೆ ಚಿಪ್ಸ್ ಯಾರ ಬಳಿ ಎಂದು ಬರೆಯುತ್ತೇನೆ. ಗೆದ್ದ ಕೈಯಲ್ಲೂ ತಪ್ಪು ಆಡಿದ್ದು ಆಮೇಲೆ ಕಾಣತೊಡಗಿತು. ಸೋತಾಗ ಹುಡುಕುವಷ್ಟು ಶ್ರದ್ಧೆಯಿಂದ ಗೆದ್ದಾಗ ನಾನು ಹುಡುಕಿರಲೇ ಇಲ್ಲ.

ಹಣದ ವಿಷಯವನ್ನೂ ಹೇಳಬೇಕು. ಐದು ಸಾವಿರ ರೂಪಾಯಿ ಬೇರೆ ತೆಗೆದಿಟ್ಟು, ಐವತ್ತು ರೂಪಾಯಿಯ ಪ್ರವೇಶಕ್ಕಿಂತ ಮೇಲೆ ಹೋಗಲಿಲ್ಲ. ಚೆನ್ನಾಗಿ ಆಡಿದರೂ ಮೂವತ್ತು ಆಟ ಸತತವಾಗಿ ಬರಿಗೈ ಆಗಬಹುದು, ನನಗೆ ಆಗಿದೆ. ಮನೆಯ ಹಣವನ್ನು ಇದಕ್ಕೆ ತರುವವರಿಗೆ ನಾನು ಆಡಬೇಡಿ ಎಂದೇ ಹೇಳುತ್ತಿದ್ದೆ. ಆಗಸ್ಟ್ 2025ರಲ್ಲಿ ಕೇಂದ್ರದ ಕಾಯ್ದೆ ಬಂದು ಹಣದ ಆನ್‌ಲೈನ್ ಆಟಗಳೆಲ್ಲ ನಿಂತಾಗ ಉಳಿದಿದ್ದ ಹಣವನ್ನು ಹಿಂದಕ್ಕೆ ತೆಗೆದುಕೊಂಡೆ.

ಈಗ ಶಿರಸಿ, ಕುಮಟಾ, ಕಾರವಾರದ ಒಂಬತ್ತು ಜನ ಶನಿವಾರ ರಾತ್ರಿ ಬಿಟ್ಟಿ ಚಿಪ್ಸಿನಲ್ಲಿ ಆಡುತ್ತೇವೆ. ಮೊದಲ ಮೂರು ಸ್ಥಾನಕ್ಕೆ ಅಂಕ, ಅದನ್ನು ನಾನು ಬರೆದಿಡುತ್ತೇನೆ. ಹೋದ ವಾರ ನಾಲ್ವರು ಉಳಿದಿದ್ದೆವು. ಕಾರವಾರದವರೊಬ್ಬರ ಬಳಿ ಒಂದೂವರೆ ಬ್ಲೈಂಡ್ ಮಾತ್ರ. ಎಲ್ಲರಿಗಿಂತ ಹೆಚ್ಚು ಚಿಪ್ಸ್ ಇದ್ದ ಕುಮಟಾದ ಗೆಳೆಯರೇ ಆಲ್-ಇನ್ ಹೇಳಿದರು. ನನ್ನ ಕೈಯಲ್ಲಿ ಎಕ್ಕ, ಹತ್ತು. ಪಟ್ಟಿಯನ್ನು ಒಮ್ಮೆ ನೋಡಿ ಎಲೆ ಬಿಟ್ಟೆ. ಎರಡು ಕೈ ಕಳೆದ ಮೇಲೆ ಕಾರವಾರದವರು ಹೊರಬಿದ್ದರು. ಆಟ ಮುಗಿದ ಮೇಲೆ ಫೋನಿನಲ್ಲಿ ಗೆಳೆಯರನ್ನು ಕೇಳಿದೆ, ಅಂದು ನಿಮ್ಮ ಎಲೆ ಯಾವುದಿತ್ತು ಎಂದು. ಅವರು ನಕ್ಕರು, ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.